ಎರಡೂಮುಕ್ಕಾಲು ಗಂಟೆಯ ದಾರಿ

ದಿಲ್ಲಿಯಿಂದ ಬೆಂಗಳೂರಿಗೆ ಆಕಾಶಮಾರ್ಗ ಎರಡೂಮುಕ್ಕಾಲು ಗಂಟೆ. ಇದನ್ನು ಮೊದಲು ಲೋಕಕ್ಕೆ ಸಾರಿದ ಮಹಾನುಭಾವ ಯಾರೋ ತಿಳಿಯದು. ಸಿಕ್ಕರೆ ಅಮರಾಪುರಕ್ಕೆ ಕರೆದೊಯ್ದು ನನ್ನ ಭಾವನ ಮುಂದೆ ನಿಲ್ಲಿಸುವುದಿದೆ.

ರಾಯದುರ್ಗದ ಜೀನ್ಸ್ ಶೆಡ್ಡುಗಳಲ್ಲಿ ಕತ್ತರಿ ಹಿಡಿಯಲು ಕಲಿತ ನಾನು ಆಗ ದಿಲ್ಲಿಯ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಅಕ್ಕನನ್ನು ಕೊಟ್ಟದ್ದು ಅಮರಾಪುರಕ್ಕೆ; ಅವಳ ಮಗಳಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಹುಡುಗಿಯನ್ನು ಕೈಹಿಡಿದು ಹಸೆಮಣೆಗೆ ಕರೆತರುವ ಹಕ್ಕು ಸೋದರಮಾವನದು. ಆ ಹುಡುಗಿಗೆ ಖಾಸಾ ಸೋದರಮಾವ ನಾನೊಬ್ಬನೇ. ತೊಟ್ಟಿಲಿಗೆ ಹಾಕಿದವನು ನಾನು, ಹಸೆಗೆ ತರುವವನೂ ನಾನೇ ಎಂದು ವರ್ಷಗಟ್ಟಲೆ ಡಂಗುರ ಹೊಡೆದಿದ್ದೆ.

ಹಡಗಿಗೆ ಹೋಗುವ ಮಾಲು ಮುಗಿಯಬೇಕು, ಮದುವೆಯ ಹಿಂದಿನ ರಾತ್ರಿಯವರೆಗೆ ರಜೆಯಿಲ್ಲ ಎಂದರು ಫ್ಯಾಕ್ಟರಿಯವರು. ರೈಲಿಗೆ ಅದು ಸಾಲದು, ವಿಮಾನವೇ ಗತಿ. ಪುರೋಹಿತರು ಎರಡು ಮುಹೂರ್ತ ಕೊಟ್ಟಿದ್ದರು, ಬೆಳಿಗ್ಗೆ ಹತ್ತೂವರೆಯದು ಮತ್ತು ಮಧ್ಯಾಹ್ನ ಮೂರರದು. ಭಾವ ಮಡಕಶಿರಾದ ಇಂಟರ್ನೆಟ್ ಅಂಗಡಿಗೆ ಹೋಗಿ ವಿಮಾನದ ದೂರ, ವೇಳೆ ಎರಡನ್ನೂ ವಿಚಾರಿಸಿಕೊಂಡು ಬಂದು ಹತ್ತೂವರೆಯದನ್ನೇ ಹಿಡಿದರು.

ಫೋನಿನಲ್ಲಿ ಅಂಗಲಾಚಿದೆ. “ಭಾವ, ಮೂರು ಗಂಟೇದ ಇಡ್ರಿ. ವಿಮಾನ ಅಮರಾಪುರದಾಗ ಇಳಿಯಂಗಿಲ್ಲ.”

“ಎರಡೂಮುಕ್ಕಾಲು ಗಂಟೆ ಕಣಪ್ಪ, ನಾನೇ ವಿಚಾರಿಸಿದೀನಿ. ಆರಕ್ಕೆ ಹತ್ತಿದ್ರೆ ಒಂಬತ್ತಕ್ಕೆ ಬೆಂಗಳೂರು. ಬೆಂಗಳೂರಿಗೆ ಬಂದೋನು ಮನೆಗೆ ಬಂದಂಗೇ. ನೆಂಟರನ್ನೆಲ್ಲ ಮೂರು ಗಂಟೆವರೆಗೂ ಹಸ್ಕೊಂಡು ಕೂರಿಸ್ಲಾ?”

ನೆಂಟರ ಹಸಿವಿನ ಮುಂದೆ ಭೂಗೋಳ ನಿಲ್ಲಲಿಲ್ಲ.

ವಿಮಾನ ಸರಿಯಾಗಿಯೇ ಹೊರಟಿತು. ಇಳಿಯುವ ಮೊದಲು ಕಿಟಕಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ನಮ್ಮ ಕಡೆಯ ಬೋಳುಗುಡ್ಡ, ಒಣಗಿದ ಕೆರೆ, ಕೆಂಪುನೆಲ. ಊರು ಬಂದೇ ಬಿಟ್ಟಿದೆ, ಇಳಿಸುವವರಿಲ್ಲ! ಗುಮ್ಮಘಟ್ಟದ ಶೇರ್ ಆಟೋದವನಾದರೂ ಕೂಗಿದರೆ ನಿಲ್ಲಿಸುತ್ತಾನೆ. ಇವರು ನನ್ನನ್ನು ಊರು ದಾಟಿಸಿ, ಬೆಂಗಳೂರಿನಲ್ಲಿ ಇಳಿಸಿ, ಮದುವೆ ಸೀರೆಯಿದ್ದ ಚೀಲಕ್ಕಾಗಿ ತಿರುಗುವ ಪಟ್ಟಿಯ ಮುಂದೆ ನಿಲ್ಲಿಸಿದರು. ಆಮೇಲೆ ಹಿಂದೂಪುರಕ್ಕೊಂದು ಬಸ್ಸು, ಮಡಕಶಿರಾಕ್ಕೊಂದು, ಅಮರಾಪುರಕ್ಕೊಂದು. ಮೇಲಿಂದ ದಾಟಿ ಬಂದ ನೆಲವನ್ನೇ ಕೆಳಗಿಂದ ವಾಪಸು ಅಳೆದೆ.

ಚಪ್ಪರ ಮುಟ್ಟಿದಾಗ ಎರಡನೇ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದರು. ಆ ಹುಡುಗಿಯ ಮುಖವನ್ನು ಸರಿಯಾಗಿ ನೋಡಿಯೂ ಇರದ, ನನಗೆ ದೊಡ್ಡಪ್ಪನ ಮಗನಾಗಬೇಕಾದವನೊಬ್ಬ ಸೋದರಮಾವನ ಪಂಚೆ ಉಟ್ಟು, ಪೇಟ ಸುತ್ತಿ, ಎಲೆಯ ಮುಂದೆ ಗಂಭೀರವಾಗಿ ಕೂತಿದ್ದ.

“ಏನಪ್ಪ, ವಿಮಾನ ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ತಾ?” ಎಂದರು ಭಾವ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

“ಯಾಕ ನಗ್ತೀರಿ ಭಾವ? ನಾ ಹೇಳಿದ್ದೆನೋ ಇಲ್ಲೋ?”

“ಹೇಳಿದ್ದೆ. ಎರಡೂಮುಕ್ಕಾಲು ಗಂಟೆ ದಾರೀಗೆ ಇಷ್ಟೊತ್ತು ಮಾಡ್ತೀಯ ಅಂತ ಹೇಳಿರ್ಲಿಲ್ಲ.”

ನಾನು ಸೀರೆಯ ಚೀಲವನ್ನು ನೆಲಕ್ಕೆ ಕುಕ್ಕಿದೆ. ಬಂದ ಬಸ್ಸಿಗೇ ಹಿಂದಿರುಗುವುದೆಂದು ತಿರುಗಿದರೆ ಹಸೆಯ ಮೇಲಿಂದ ಮದುಮಗಳು ಕೂಗಿದಳು.

“ಮಾವ, ಬೆಳಿಗ್ಗೆ ಎಣ್ಣೆನೀರು ಹಾಕುವಾಗ ಒಂದು ವಿಮಾನ ಹೋಯ್ತು. ನೀನೇ ಅಂದ್ಕೊಂಡು ಕೈ ಎತ್ತಿದೆ. ಅಮ್ಮ ಬೈದ್ಲು.”

ನಾನು ತಿರುಗಿ ಹಸೆಯ ಬಳಿಗೆ ಹೋದೆ. ಅವಳು ಅರಿಶಿನದ ಕೈಯನ್ನು ಚಾಚಿದಳು. “ಇನ್ನೂ ಉಂಡಿಲ್ಲ ನಾನು. ಎಲೆಗಾದ್ರೂ ನೀನೇ ಕರ್ಕೊಂಡು ಹೋಗು.”

ಕೈಹಿಡಿದು ನಡೆಸಿದೆ. ಹಸೆಯಿಂದ ಎಲೆಗೆ ಚಪ್ಪರದ ಈ ಕಂಬದಿಂದ ಆ ಕಂಬದಷ್ಟು ದಾರಿ. ಭಾವ ಅದಕ್ಕೂ ಗಡಿಯಾರ ನೋಡಿಕೊಳ್ಳುತ್ತಿದ್ದರು.