ಸಿಂಗಳೀಕ ನೋಡಲು ಹೋದದ್ದು

ನನ್ನ ಗಂಡನಿಗೆ ಹಕ್ಕಿ ನೋಡುವ ಹುಚ್ಚು ಹಿಡಿದದ್ದು ನಮ್ಮ ಮಗು ಹೋದ ಮೇಲೆ. ರಿಪ್ಪನ್‌ಪೇಟೆಯಲ್ಲಿ ಅವರದ್ದೊಂದು ಬೈಕ್ ಗ್ಯಾರೇಜು. ಭಾನುವಾರ ಬಂತೆಂದರೆ ಷಟರ್ ಎಳೆದು, ಗಿರಾಕಿಯೊಬ್ಬರು ಕೊಟ್ಟ ಹಳೇ ದುರ್ಬೀನನ್ನು ಕುತ್ತಿಗೆಗೆ ಹಾಕಿಕೊಂಡು ಒಬ್ಬರೇ ಕೆರೆ ಕಡೆ ಹೋಗಿಬಿಡುತ್ತಿದ್ದರು. ಬರುವುದು ಊಟದ ಹೊತ್ತಿಗೆ. ಎಂತ ನೋಡಿದ್ರಿ ಅಂತ ಕೇಳಿದರೆ ಎರಡು ಹಕ್ಕಿ ಹೆಸರು ಹೇಳಿ ಕೈ ತೊಳೆಯಲು ಹೋಗುವರು. ನನ್ನ ಮುಖ ನೋಡಲಾಗದೆ ಹಕ್ಕಿ ನೋಡಲು ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ. ಆ ಸಿಟ್ಟನ್ನು ಬಾಯಿಬಿಟ್ಟು ಆಡಿರಲಿಲ್ಲ.

ನಾನು ಅಂಗನವಾಡಿ ಟೀಚರು. ಕೂಸುಗಳನ್ನು ತೂಕಕ್ಕೆ ಹಾಕಿ ಬರೆದುಕೊಳ್ಳುವುದು ನನ್ನ ಕೆಲಸ. ಹೆರಿಗೆಯಾದ ಮೂರನೇ ತಿಂಗಳಿಗೆ ಅದೇ ಕೆಲಸಕ್ಕೆ ಹೋದೆ. ಮೊದಮೊದಲು ತಾಯಂದಿರು ಕೂಸನ್ನು ನನ್ನ ಕೈಗೆ ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ನನಗೆ ಸಂಕಟವಾದೀತೆಂದೋ, ಕೂಸಿಗೆ ದೃಷ್ಟಿಯಾದೀತೆಂದೋ, ನಾನು ಕೇಳಲಿಲ್ಲ.

ಹೀಗೇ ಎರಡು ಮಳೆಗಾಲ ಕಳೆಯಿತು. ಆಮೇಲಿನ ಸಂಕ್ರಾಂತಿ ಮುಗಿದ ವಾರ, ಊಟಕ್ಕೆ ಕೂತಾಗ ಅವರು ತಟ್ಟೆ ನೋಡುತ್ತಲೇ ಕೇಳಿದರು.

"ಸಿಂಗಳೀಕ ನೋಡಕ್ಕೆ ಹೋಗ್ತೀನಿ. ತುಮರಿ ಆಚೆ ಕಾಡಲ್ಲಿ ಟೆಂಟ್ ಕೊಡ್ತಾರಂತೆ, ಎರಡು ದಿನ. ನೀನೂ ಬರ್ತೀಯಾ?"

ಎರಡು ವರ್ಷದಲ್ಲಿ ಅವರು ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಬರಲ್ಲ ಅನ್ನಬೇಕೆಂದಿದ್ದೆ. ಬಾಯಿ "ಹ್ಞೂಂ" ಅಂದಿತು.

ಬೈಕಿನಲ್ಲೇ ಹೋದೆವು. ಸಾಗರದಲ್ಲಿ ತಿಂಡಿ ತಿಂದು, ಹಿನ್ನೀರು ದಾಟಿ, ತುಮರಿಯನ್ನೂ ದಾಟಿ ಒಳಗೆ. ಮೊದಲೆಲ್ಲ ಲಾಂಚಿಗೆ ಕಾಯುತ್ತಾ ಕೂರಬೇಕಿತ್ತು. ಕಾಯುವಾಗಲಾದರೂ ಜನ ಮಾತಾಡುತ್ತಾರೆ. ಈಗ ಸೇತುವೆ. ಅವರ ಬೆನ್ನ ಹಿಂದೆ ಕೂತು, ಒಂದು ಮಾತಿಲ್ಲದೆ ಅಷ್ಟುದ್ದದ ನೀರನ್ನು ದಾಟಿಬಿಟ್ಟೆ.

ಕಾಡಿನಲ್ಲಿ ನಮ್ಮನ್ನು ಸುತ್ತಾಡಿಸಿದವರು ಐವತ್ತು ದಾಟಿದ ಒಬ್ಬ ಫಾರೆಸ್ಟ್ ವಾಚರ್. ನನ್ನನ್ನು "ಅಕ್ಕ" ಅನ್ನುತ್ತಿದ್ದರು. ಮೊದಲ ದಿನ ಸಿಂಗಳೀಕ ಸಿಗಲಿಲ್ಲ. ಕೆಂದಳಿಲು ಒಂದು ಮರದಿಂದ ಮರಕ್ಕೆ ಹಾರಿದ್ದು ಕಂಡೆವು. ಮಂಗಟ್ಟೆ ಹಕ್ಕಿ ಹಾರಿಹೋದ ರೆಕ್ಕೆಯ ಬೀಸು ಕೇಳಿಸಿತು, ಹಕ್ಕಿ ಕಾಣಲಿಲ್ಲ. ನನ್ನ ಗಂಡ ಮೇಲೆ ನೋಡುತ್ತಾ ನಡೆದರು, ನಾನು ಅವರ ಹಿಮ್ಮಡಿ ನೋಡುತ್ತಾ ನಡೆದೆ. ಟೆಂಟಿನೊಳಗೆ ಇಬ್ಬರಿಗೂ ಒಂದೇ ದಪ್ಪ ಕಂಬಳಿ. ಅದರ ಒಂದೊಂದು ಅಂಚು ಹಿಡಿದು ಮಲಗಿದೆವು.

ಎರಡನೇ ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ ವಾಚರ್ ಬಂದು ಪಿಸುಗುಟ್ಟಿದರು. "ಬಂದಾವೆ. ಸದ್ದು ಮಾಡ್ಬೇಡಿ ಅಕ್ಕ."

ಧೂಪದ ಮರದ ಮೇಲೆ ಹತ್ತಿಪ್ಪತ್ತು ಇದ್ದವು. ಕರಿ ಮೈ, ಮುಖದ ಸುತ್ತ ಬೂದು ಕೂದಲು, ಬಾಲದ ತುದಿಗೆ ಕುಚ್ಚು. ನನ್ನ ಗಂಡ ಬಹಳ ಹೊತ್ತು ನೋಡಿ ದುರ್ಬೀನನ್ನು ನನ್ನ ಕೈಗಿಟ್ಟರು. ಕೊಂಬೆಯ ಕವಲಲ್ಲಿ ಒಂದು ತಾಯಿ ಕೂತಿತ್ತು. ಎದೆಗೆ ಮರಿ ಕಚ್ಚಿಕೊಂಡಿತ್ತು. ಮರಿಗೆ ದೊಡ್ಡವುಗಳ ಹಾಗೆ ಮುಖದ ಸುತ್ತಿನ ಕೂದಲು ಇನ್ನೂ ಬಂದಿರಲಿಲ್ಲ. ತಲೆ ಮೇಲೆ ಮಾತ್ರ ಕರ್ರಗೆ, ತೆಳ್ಳಗೆ, ನೆನೆದ ಹಾಗೆ ಅಂಟಿಕೊಂಡಿತ್ತು. ತಾಯಿ ಅದನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡುತ್ತಿತ್ತು.

ನಾನು ದುರ್ಬೀನು ಇಳಿಸದೆ ಕೇಳಿದೆ. "ನಮ್ಮ ಮಗೀಗೆ ಕೂದಲಿತ್ತಾ?"

ನಾನು ಅವಳನ್ನು ನೋಡಿರಲಿಲ್ಲ. ದಿನ ತುಂಬಿದ ಮೇಲೆ ಹೊಟ್ಟೆಯಲ್ಲೇ ಹೋಗಿತ್ತು. ಆಪರೇಷನ್ ಆಗಿ ನನಗೆ ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಣ್ಣು ಅಂತ ಅಮ್ಮ ಹೇಳಿದ್ದಷ್ಟೇ. ಹೆತ್ತವಳು ಮುಖ ನೋಡಿದರೆ ಮರೆಯಲಿಕ್ಕಾಗಲ್ಲ ಎಂದು ಮನೆಯ ಹಿರಿಯರೆಲ್ಲ ಅಂದರಂತೆ. ನನ್ನ ಗಂಡನೂ ಅವರ ಅಣ್ಣನೂ ಅರಳಸುರಳಿಗೆ, ತಮ್ಮ ಊರಿಗೆ, ಒಯ್ದು ಮಣ್ಣು ಮಾಡಿ ಬಂದಿದ್ದರು.

ಅವರು ಮರದ ಕಡೆಗೇ ನೋಡುತ್ತಾ ಹೇಳಿದರು.

"ಇತ್ತು. ದಟ್ಟ. ಹಣೆ ತನಕ ಬಂದಿತ್ತು."

"ಯಾರ ಹಾಗಿದ್ದಳು?"

"ನಿನ್ನ ಹಾಗೆ. ಮೂಗು ನಿಂದೇ." ಅವರು ಎರಡೂ ಅಂಗೈ ಮುಂದಕ್ಕೆ ಹಿಡಿದರು. "ಟವೆಲ್ಲಲ್ಲಿ ಸುತ್ತಿ ಕೊಟ್ರು. ಕಾರಲ್ಲಿ ಊರಿನ ತನಕ ತೊಡೆ ಮೇಲಿಟ್ಕೊಂಡಿದ್ದೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಅಷ್ಟು ದೂರ ನೀವು ಇಟ್ಕೊಂಡ್ರಿ. ನನಗೆ ಒಂದು ಗಳಿಗೆ ಕೊಡ್ಲಿಲ್ಲ. ನಾನು ಏಳೋ ತನಕ ಕಾಯಕ್ಕೆ ಎಂತ ಆಗಿತ್ತು ನಿಮಗೆ?"

ನನ್ನ ದನಿ ಏರಿತು. ಮರದ ಮೇಲಿದ್ದವೆಲ್ಲ ದಡದಡ ಕೊಂಬೆ ಹಾರಿ ಹೋದವು. ವಾಚರ್ ನಮ್ಮಿಬ್ಬರನ್ನೂ ನೋಡಿ, ಬೀಡಿ ತೆಗೆಯುತ್ತಾ ಅಷ್ಟು ದೂರ ಹೋಗಿ ಬೆನ್ನು ಹಾಕಿ ನಿಂತರು.

"ಎಲ್ಲರೂ ಬೇಡ ಅಂದ್ರು. ನಾನೂ ಹ್ಞೂಂ ಅಂದೆ," ಎಂದರು ಅವರು. "ತಪ್ಪಾಯ್ತು ಕಣೆ. ಆವತ್ತೇ ಗೊತ್ತಾಗಿತ್ತು ತಪ್ಪಾಯ್ತು ಅಂತ. ನಿನಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ಅದಕ್ಕೇ ಹಕ್ಕಿ ನೋಡಕ್ಕೆ ಹೋಗ್ತಿದ್ರಾ?"

"ಮನೇಲಿದ್ರೆ ನೀನು ಕೇಳ್ತೀಯ ಅಂತ ಹೆದರಿಕೆ ಆಗ್ತಿತ್ತು."

ಮಧ್ಯಾಹ್ನದವರೆಗೆ ಟೆಂಟಿನ ಮುಂದೆ ಕೂತಿದ್ದೆವು. ಊಟ ತಂದ ವಾಚರ್ "ಸಂಜೆ ಮತ್ತೆ ಬರ್ತವೆ, ತೋರಿಸ್ತೀನಿ" ಅಂದರು. ಬೇಡ, ಹೊರಡ್ತೀವಿ ಅಂದೆ. ಬೈಕ್ ಹತ್ತುವಾಗ ಗಂಡನಿಗೆ ಹೇಳಿದೆ. "ಮನೆಗೆ ಬೇಡ. ಎಲ್ಲಿ ಇಟ್ಟಿದೀರಿ, ಅಲ್ಲಿಗೆ ಕರ್ಕೊಂಡು ಹೋಗಿ."

ಆ ದಿನ ಹೊತ್ತು ಮೀರಿತ್ತು. ಸಾಗರದಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಅರಳಸುರಳಿಗೆ ಹೋದೆವು. ಭಾವನ ಮನೆಗೆ ಹೋಗದೆ ಗದ್ದೆಯಂಚಿನಲ್ಲೇ ಬೈಕ್ ನಿಲ್ಲಿಸಿ, ಮೇಲಿನ ಬೀಳು ಹಕ್ಕಲಿಗೆ ಹತ್ತಿದೆವು. ಎರಡು ವರ್ಷದಲ್ಲಿ ಅವರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನೇರಳೆ ಮರದ ಬುಡದಿಂದ ನಾಲ್ಕು ಮಾರು, ಒಂದು ಚಪ್ಪಡಿ ಕಲ್ಲು ಇಟ್ಟಿದ್ದೆ ಎಂದು ದಾರಿಯಲ್ಲಿ ಹೇಳಿದ್ದರು.

ಮರ ಇತ್ತು. ಕಲ್ಲು ಇರಲಿಲ್ಲ. ದನ ಬರದಂತೆ ಭಾವ ಜೆಸಿಬಿ ತರಿಸಿ ಬೇಲಿಯುದ್ದಕ್ಕೂ ಅಗಳ ತೋಡಿಸಿದ್ದರು. ಮರದ ಒಂದು ಮಗ್ಗುಲಿಗೆ ಆಳೆತ್ತರದ ಚರಂಡಿ, ಅದರ ದಂಡೆಗೆ ಕೆಂಪು ಮಣ್ಣಿನ ರಾಶಿ, ರಾಶಿಯ ಮೇಲೆ ಹುಲ್ಲು. ನನ್ನ ಗಂಡ ಮರಕ್ಕೆ ಬೆನ್ನು ಕೊಟ್ಟು ಹೆಜ್ಜೆ ಹಾಕಿದರು. ಮತ್ತೆ ಬಂದು ಇನ್ನೊಂದು ದಿಕ್ಕಿಗೆ ಹೆಜ್ಜೆ ಹಾಕಿದರು. ಮೂರನೇ ಸಲ ಅಗಳದ ಅಂಚಿಗೆ ಬಂದು ನಿಂತುಬಿಟ್ಟರು.

"ಗೊತ್ತಾಗ್ತಾ ಇಲ್ಲ ಕಣೆ," ಅಂದರು. "ಕತ್ತಲಾಗಕ್ಕೆ ಬಂದಿತ್ತು. ಈ ಕಡೆನೋ ಆ ಕಡೆನೋ, ಗೊತ್ತಾಗ್ತಾ ಇಲ್ಲ."

ಅಲ್ಲೇ ಕುಕ್ಕರಿಸಿ ಕೂತು ಮಗುವಿನ ಹಾಗೆ ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಮಾಧಾನ ಮಾಡಬೇಕು ಅನ್ನಿಸಿತು, ಮಾಡಲು ಮನಸ್ಸಾಗಲಿಲ್ಲ. ಹತ್ತಿರ ಹೋಗಿ ಅವರ ಭುಜಕ್ಕೆ ತಾಗುವ ಹಾಗೆ ಕೂತೆ. ಬಿಸಿಲು ಏರುವ ತನಕ ಹಾಗೇ ಇದ್ದೆವು. ಎದ್ದು ಬರುವಾಗ ಯಾವ ಕಡೆ ತಿರುಗಿ ಕೈ ಮುಗಿಯಬೇಕೆಂದು ತಿಳಿಯದೆ ಮರಕ್ಕೇ ಮುಗಿದೆ.

ಆ ಮೇಲೆ ನಮ್ಮ ನಡುವೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ನನಗೆ ಅವರ ಜೊತೆ ಮಾತು ಬೇಡವಾಗುತ್ತದೆ. ಆದರೆ ಒಮ್ಮೊಮ್ಮೆ, ನಾನು ದೋಸೆ ಹುಯ್ಯುತ್ತಿರುವಾಗಲೋ ಬಟ್ಟೆ ಮಡಿಸುತ್ತಿರುವಾಗಲೋ, ಅವರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

"ಬೆರಳು ಉದ್ದ ಇತ್ತು," ಅನ್ನುತ್ತಾರೆ. ಇಲ್ಲವೆಂದರೆ, "ಬಲಗಿವಿ ಹತ್ರ ಒಂದು ಮಚ್ಚೆ ಇತ್ತು."

ಅಷ್ಟೇ ಹೇಳಿ ಗ್ಯಾರೇಜಿಗೆ ಹೋಗುತ್ತಾರೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲೇ ನಿಲ್ಲುತ್ತೇನೆ.