ಮಹಾರಾಜರು ಬರುವ ತನಕ

ಸರ್ರನೆ ಒಂದೇ ಎಳೆತಕ್ಕೆ ಬರುತ್ತಿದ್ದ ಸದ್ದು ಅದು. ಕಟ್ಟಡಗಳ ಮುಖಕ್ಕೆ ಹೊದಿಸುವ ಹೊಸ ಎಸಿಪಿ ಶೀಟಿನ ತುಂಡಿನ ಮೇಲಿನ ಪ್ಲಾಸ್ಟಿಕ್ ಫಿಲ್ಮನ್ನು ನನ್ನ ತಮ್ಮ ಮೂಲೆಯಿಂದ ಹಿಡಿದು ಎಳೆದನೆಂದರೆ ಗರಿಗರಿ ಬಟ್ಟೆ ಹರಿದ ಹಾಗೆ ಕೇಳುತ್ತಿತ್ತು. ಅದರಡಿಯಿಂದ ಬಂಗಾರದ ಬಣ್ಣ ಫಳ್ಳನೆ ಹೊರಬೀಳುತ್ತಿತ್ತು. ಚಿಕ್ಕೋಡಿಯ ನಮ್ಮ ಮನೆಯ ಹಿತ್ತಲಲ್ಲೇ ಅವನ ಶೆಡ್ಡು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಎಂಬ್ರಾಯ್ಡರಿ ಕಲಿತ ನಾನು, ಎಪ್ಪತ್ತರ ಹತ್ತಿರ ಬಂದು, ಅಲ್ಯುಮಿನಿಯಂ ಮಡಚುವುದನ್ನು ನೋಡುತ್ತ ಮಧ್ಯಾಹ್ನ ಕಳೆಯುತ್ತಿದ್ದೆ. ನೈಸ್ ಪಾಸ್‌ಟೈಮ್ ಅಂತ ತಮ್ಮನೇ ನಗುತ್ತಿದ್ದ.

ಎರಡು ತೆಳು ಅಲ್ಯುಮಿನಿಯಂ ಹಾಳೆ, ನಡುವೆ ಕರಿ ಪ್ಲಾಸ್ಟಿಕ್, ಇಷ್ಟೇ ಆ ಶೀಟು. ಬೆನ್ನ ಕಡೆಯಿಂದ ಮಷಿನ್ನಿನಲ್ಲಿ ಗೀರು ಹಾಕಿ, ಮುಂದಿನ ಹಾಳೆಯೊಂದನ್ನು ಉಳಿಸಿ ಮಡಚಿದರೆ ಟ್ರೇ ಹಾಗೆ ಕೂಡುತ್ತದೆ. ಗೀರು ಒಂದು ಕೂದಲಿನಷ್ಟು ಹೆಚ್ಚು ಆಳ ಹೋದರೂ ಮಡಿಕೆಯಲ್ಲಿ ಬಿರಿಯುತ್ತದೆ. ಬ್ಲೇಡು ಎಷ್ಟು ಇಳಿದಿದೆ ಎಂದು ತಮ್ಮ ಕಿವಿಯಿಂದಲೇ ಹೇಳುತ್ತಿದ್ದ. ಇಪ್ಪತ್ತು ವರ್ಷ ಪುಣೆಯಲ್ಲಿ ಇನ್ನೊಬ್ಬರ ಶೆಡ್ಡಿನಲ್ಲಿ ದುಡಿದು, ಐವತ್ತೈದು ದಾಟಿದ ಮೇಲೆ ಊರಿಗೆ ಬಂದು ಸ್ವಂತದ್ದು ಹಾಕಿದವನು. ಕಾಗವಾಡದಲ್ಲಿ ನಮ್ಮ ಜೈನ ಸಮಾಜದವರು ಕಟ್ಟಿಸುತ್ತಿದ್ದ ಸಭಾಭವನದ ಮುಖಭಾಗ ಅವನ ಮೊದಲ ದೊಡ್ಡ ಕೆಲಸ. ಅದು ಚಂದ ನಿಂತರೆ ನಿಪ್ಪಾಣಿ, ರಾಯಬಾಗ, ಅಥಣಿಯವರೆಲ್ಲ ಕರೆಯುತ್ತಾರೆ. ಕೆಟ್ಟರೆ ಮತ್ತೆ ಪುಣೆ, ಮತ್ತೆ ಇನ್ನೊಬ್ಬರ ಕೈಕೆಳಗೆ. ಇದನ್ನು ಅವನು ನನ್ನೊಬ್ಬಳಿಗೇ ಹೇಳಿದ್ದ.

ಶಿವರಾತ್ರಿ ಹೊತ್ತಿಗೆ ಶೀಟೆಲ್ಲ ಫಿಲ್ಮಿನ ಸಮೇತ ಗೋಡೆಗೆ ಕೂತವು. ಫಿಲ್ಮಿನ ಮೇಲೆ ಇಂಗ್ಲಿಷಿನಲ್ಲಿ ಸಣ್ಣಗೆ ಅಚ್ಚಾಗಿದ್ದುದನ್ನು ನಾನೇ ಕನ್ನಡಕ ಏರಿಸಿ ಓದಿದ್ದೆ: ಕೂಡಿಸಿದ ನಲವತ್ತೈದು ದಿನದೊಳಗೆ ತೆಗೆಯಿರಿ. ಓದದಿದ್ದರೂ ಅವನಿಗೆ ಗೊತ್ತಿತ್ತು. ಬಿಸಿಲಿಗೆ ಅಂಟು ಬೆಂದು ಬಣ್ಣವನ್ನೇ ಕಚ್ಚಿಕೊಳ್ಳುತ್ತದೆ.

ಆದರೆ ಟ್ರಸ್ಟಿನ ಹಿರಿಯರು ಬಿಡಲಿಲ್ಲ. ಅವರು ನನ್ನ ಯಜಮಾನರ ಅಣ್ಣ, ನನಗೆ ಭಾವನವರು. ಉದ್ಘಾಟನೆಗೆ ಮುನಿ ಮಹಾರಾಜರು ಬರುವವರಿದ್ದಾರೆ, ಆ ಬಂಗಾರದ ಹೊಳಪನ್ನು ಮೊದಲು ನೋಡಬೇಕಾದ ಕಣ್ಣು ಅವರದು, ಅಲ್ಲಿಯ ತನಕ ಫಿಲ್ಮ್ ಮುಟ್ಟಕೂಡದು ಅಂದರು. ಯಾವಾಗ ಬರುತ್ತಾರೆ? ಬರಿಗಾಲಲ್ಲಿ ಊರಿಂದೂರಿಗೆ ವಿಹಾರ ಮಾಡುವವರನ್ನು ತಾರೀಖು ಕೇಳುವ ಹಾಗಿಲ್ಲ. ಇನ್ನು ಭಾವನವರ ಕಾರಿನ ಸೀಟುಗಳ ಮೇಲೆ ಆರು ವರ್ಷದಿಂದ ಕಂಪನಿಯ ಪ್ಲಾಸ್ಟಿಕ್ ಹಾಗೇ ಇತ್ತು. ಅಂಥವರಿಗೆ ನಲವತ್ತೈದು ದಿನದ ಮಾತು ಹೇಗೆ ತಿಳಿಸುವುದು?

ತಮ್ಮ ನನ್ನ ಹತ್ತಿರ ಬಂದ. "ಅಕ್ಕಾ, ನಿನ್ನ ಮಾತು ಕೇಳ್ತಾರ ಅವ್ರು. ನೀ ಒಂದ್ ಸಲ ಹೇಳ."

ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಭಾವನ ಎದುರು ನಿಂತು ನಾನು ಮಾತಾಡಿದವಳಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೋಪಾ," ಅಂದೆ. "ಇನ್ನೇನ್ ಬಂದ್ಬಿಡ್ತಾರ."

ಯುಗಾದಿ ಹೋಯಿತು, ಮಹಾವೀರ ಜಯಂತಿ ಹೋಯಿತು. ಆ ಕಟ್ಟಡದ ಮುಖ ಪಡುವಣಕ್ಕೆ, ದಿನಾ ಮಧ್ಯಾಹ್ನದಿಂದ ಸಂಜೆಯ ತನಕ ಬಿಸಿಲು ಅದರ ಮೇಲೇ. ವೈಶಾಖದಲ್ಲಿ ಒಂದು ಬೆಳಿಗ್ಗೆ ಸುದ್ದಿ ಬಂತು: ಮಹಾರಾಜರು ಉಗಾರ ಬುದ್ರುಕಕ್ಕೆ ಬಂದಿದ್ದಾರೆ, ನಾಳೆ ಹೊತ್ತೇರುವಷ್ಟರಲ್ಲಿ ಕಾಗವಾಡ. ಈಗ ಫಿಲ್ಮ್ ತೆಗೆಯಲು ಭಾವನವರು ಒಪ್ಪಿದರು.

ನಾನು ಕಾರು ಮಾಡಿಕೊಂಡು ಹೋದಾಗ ತಮ್ಮ ಮತ್ತು ಅವನ ಇಬ್ಬರು ಕೆಲಸಗಾರರು ಸ್ಕ್ಯಾಫೋಲ್ಡಿಂಗ್ ಮೇಲಿದ್ದರು. ಫಿಲ್ಮ್ ಬರುತ್ತಿರಲಿಲ್ಲ. ಉಗುರಿನಷ್ಟು, ಅಕ್ಕಿಕಾಳಿನಷ್ಟು, ಚೂರುಚೂರಾಗಿ ಕಿತ್ತು ಬರುತ್ತಿತ್ತು, ಕೆಳಗೆ ಮಂಕು ಅಂಟು ಉಳಿಯುತ್ತಿತ್ತು. ಬಿಸಿಗಾಳಿಯ ಗನ್ ಹಿಡಿದರು, ಸೋಪಿನ ನೀರು ಸುರಿದರು, ಸೀಮೆಎಣ್ಣೆ ಹಚ್ಚಿದರು. ನಾನೂ ಕೆಳಗಿನ ಸಾಲಿಗೆ ಕೈ ಹಾಕಿ, "ಕಮ್ ಆನ್, ಕಮ್ ಆನ್" ಅನ್ನುತ್ತ ಕೆರೆಯುತ್ತಿದ್ದೆ. ಮೇಲಿನಿಂದ ಒಬ್ಬ ಕೆಲಸಗಾರ, "ಆಯೀ, ನಿಮ್ಮ ಇಂಗ್ಲಿಷಿಗೆ ಇದು ಅಂಜೂದಿಲ್ರಿ," ಅಂದ. ಯಾರೂ ನಗಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ತಮ್ಮ ಬಣ್ಣ ಕರಗಿಸುವ ಥಿನ್ನರ್ ತರಿಸಿದ. ಅದನ್ನು ಹಚ್ಚಬಾರದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರಿವೆ ಅದ್ದಿ ಉಜ್ಜಿದ. ಫಿಲ್ಮೂ ಬಂತು, ಬಂಗಾರವೂ ಬಂತು. ಕೆಳಗೆ ಬೋಳು ಅಲ್ಯುಮಿನಿಯಂ, ತೊನ್ನಿನ ಹಾಗೆ. ಅವನು ಆ ಅರಿವೆಯನ್ನು ಬದಿಗೆಸೆದು ಮತ್ತೆ ಉಗುರಿನಿಂದಲೇ ಕೆರೆಯತೊಡಗಿದ. ಹೊತ್ತು ಮುಳುಗುವಾಗ ಹದಿನಾಲ್ಕು ಸಾಲಿನಲ್ಲಿ ಎರಡು ಮುಗಿದಿದ್ದವು, ಅವೂ ಕಲೆಕಲೆ. ಕೆಳಗಿಳಿದು ಉಸುಕಿನ ಗುಂಪಿಯ ಮೇಲೆ ಕೂತವನ ಬೆರಳ ತುದಿಗಳಲ್ಲಿ ಚರ್ಮ ಉಳಿದಿರಲಿಲ್ಲ.

ಮರುದಿನ ಮಹಾರಾಜರು ಬಂದರು. ಇರುವೆಯೂ ಕಾಲಡಿ ಸಿಗಬಾರದೆಂದು ನಾಲ್ಕು ಮೊಳ ಮುಂದಿನ ನೆಲದ ಮೇಲೇ ದೃಷ್ಟಿ ಇಟ್ಟು ನಡೆದರು. ಹಾಗೆಯೇ ಮೆಟ್ಟಿಲು ಹತ್ತಿ ಒಳಗೆ ಹೋದರು. ಒಮ್ಮೆಯೂ ತಲೆ ಎತ್ತಲಿಲ್ಲ. ಮುನಿಗಳು ನೆಲ ನೋಡಿಯೇ ನಡೆಯುತ್ತಾರೆ, ತೊಟ್ಟಿಲಲ್ಲಿದ್ದಾಗಿನಿಂದ ನಾವೆಲ್ಲ ಕಂಡದ್ದೇ. ಎರಡೂವರೆ ತಿಂಗಳಲ್ಲಿ ನಮ್ಮ ಒಬ್ಬರಿಗೂ ಅದು ನೆನಪಾಗಲಿಲ್ಲ.

ಅವರ ಹಿಂದೆ ಬಂದ ಜನ ಮಾತ್ರ ತಲೆ ಎತ್ತಿ ನೋಡಿದರು. ಕಜ್ಜಿ ಹತ್ತಿದ ಗೋಡೆ ಅಂತ ಯಾರೋ ಮರಾಠಿಯಲ್ಲಿ ಅಂದರು. ಭಾವನವರು ಎಲ್ಲರಿಗೂ ಕೇಳುವ ಹಾಗೆ, "ಕೆಲಸ ಬರಲಾರದವ್ರಿಗೆ ಕೊಟ್ಟದ್ದು ನಂದ ತಪ್ಪು," ಅಂದರು. ತಮ್ಮ ನನ್ನ ಕಡೆ ಒಮ್ಮೆ ನೋಡಿದ. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ವಾರದೊಳಗೆ ಶೆಡ್ಡಿಗೆ ಬೀಗ ಬಿತ್ತು, ಅವನು ಮತ್ತೆ ಪುಣೆಗೆ ಹೊರಟ. ಆ ಮಳೆಗಾಲದಲ್ಲಿ ಅವನು ಪುಣೆಯಲ್ಲೇ ಎದೆನೋವು ಬಂದು ತೀರಿಹೋದ. ಕೃಷ್ಣೆ ತುಂಬಿ ರಸ್ತೆ ಕಟ್ಟಿತ್ತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವನನ್ನು ಕೊನೆಗೆ ಕಂಡದ್ದು ಮಿರಜ್ ಸ್ಟೇಷನ್ನಿನಲ್ಲಿ, ಪುಣೆಯ ಗಾಡಿಗೆ ಬಿಡಲು ಹೋದಾಗ. ಕಿಟಕಿಯ ಹತ್ತಿರ ನಿಂತು, ನಾನು ಭಾವನಿಗೆ ಹೇಳಬೇಕಾಗಿತ್ತಪಾ, ಅಂದೆ.

"ಇರ್ಲಿ ಬಿಡಕ್ಕಾ. ನೀ ಹೇಳಿದ್ರೂ ಅವ್ರು ಕೇಳ್ತಿದ್ದಿಲ್ಲ," ಅಂದ.

ಆಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುವಲು ನೋಡಿದ. ಬೆರಳ ತುದಿಯ ಗಾಯ ಬಿಡಲಿಲ್ಲ. ಕಿಟಕಿಯ ಸರಳಿನ ನಡುವೆ ನನ್ನ ಕೈಗೆ ಕೊಟ್ಟ. ನಾನು ತೆಗೆದು ಕೊಟ್ಟೆ. ಎರಡೂ ಅಂಗೈಯಲ್ಲಿ ಬಾಟಲಿ ಒತ್ತಿ ಹಿಡಿದು ಕುಡಿಯುತ್ತಿದ್ದ, ಗಾಡಿ ಬಿಟ್ಟಿತು.