ಭಾನುವಾರ ರಜೆ ಎಂದು ಕಲಿಸಿದ ಭಾನುವಾರಗಳು

ಹೋದ ವಾರ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ ತೊಳೆಯುತ್ತಿದ್ದಾಗ ಹಳೆಯ ಸ್ಟೀಲಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳದ ಮೇಲೆ ನಮ್ಮವ್ವನ ಹೆಸರು ಕೊರೆಸಿದೆ. ತೆಗೆದು ಮೂಸಿದರೆ ಹುಚ್ಚೆಳ್ಳು ಚಟ್ನಿಪುಡಿಯ ವಾಸನೆ ಇನ್ನೂ ಎಲ್ಲೋ ಸ್ವಲ್ಪ ಉಳಿದಂತಿತ್ತು, ಅಥವಾ ನನಗೆ ಹಾಗನ್ನಿಸಿತು. ಬೋರಲು ಹಾಕಿ ನೋಡಿದೆ. ತಳದಲ್ಲಿ ಉಗುರಿನಷ್ಟಗಲದ ಕೆಂಪು ಬಾಣದ ಸ್ಟಿಕ್ಕರು, ಅರ್ಧ ಸವೆದು ಅಂಟಿಕೊಂಡೇ ಇತ್ತು. ನಾರು ಕೈಯಲ್ಲಿತ್ತು, ಆದರೆ ಉಜ್ಜಲು ಮನಸ್ಸಾಗಲಿಲ್ಲ.

ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವರಿಗೆ ಈ ಬಾಣ ಗೊತ್ತು. ಹೊಲಿದು ಮುಗಿದ ಬಟ್ಟೆಯನ್ನು ಚೆಕ್ ಮಾಡುವವರು ಎಲ್ಲಿ ಹೊಲಿಗೆ ಸೊಟ್ಟಗಿದೆಯೋ, ಎಲ್ಲಿ ದಾರ ಬಿಟ್ಟಿದೆಯೋ ಅಲ್ಲಿ ಇದನ್ನು ಅಂಟಿಸಿ ಟೈಲರಿಗೆ ವಾಪಸ್ ಕಳಿಸುತ್ತಾರೆ. ಬಿಚ್ಚಿ ಮತ್ತೆ ಹೊಲಿಯಬೇಕು. ನಾವು ಅದಕ್ಕೆ ಆಲ್ಟ್ರು ಅನ್ನುತ್ತಿದ್ದೆವು. ನಮ್ಮವ್ವನ ಚಟ್ನಿಪುಡಿಯಲ್ಲಿ ಒಂದು ಸಲ ಉಪ್ಪು ಕಡಿಮೆಯಾಯಿತೆಂದು ಡಬ್ಬಿಗೇ ಬಾಣ ಅಂಟಿಸಿ ವಾಪಸ್ ಕೊಟ್ಟವಳು ಚೆಕಿಂಗ್ ಅಕ್ಕ.

ಆಗ ನಾನು ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸುವ ಟೈಲರ್. ಅಕ್ಕ ನಮ್ಮ ಲೈನಿನ ಕೊನೆಯ ಟೇಬಲ್ಲಿನಲ್ಲಿ ನಿಲ್ಲುತ್ತಿದ್ದಳು. ನಿಡಘಟ್ಟದ ಸೊಸೆ, ನಲವತ್ತೈದರ ಆಸುಪಾಸು, ಬಾಯಿ ಬಲು ಜೋರು. ಮಕ್ಕಳಿರಲಿಲ್ಲ. ಗಂಡನಿಗೆ ಸೊಂಟದ ನೋವು, ಹೊಲದ ಕೆಲಸ ಬಿಟ್ಟು ಮನೆಯಲ್ಲಿದ್ದ. ನಾನು ಸೇರಿದ ಮೊದಲ ವಾರ ಒಂದೇ ದಿನದಲ್ಲಿ ನನ್ನ ಒಂದು ರಾಶಿ ಶರ್ಟುಗಳ ಮೇಲೆ ಬಾಣ ಅಂಟಿಸಿ ತಂದು ಮಿಷನ್ ಮೇಲೆ ಸುರಿದಳು. ನಾನು ಅಳುತ್ತ ಬಿಚ್ಚುತ್ತ ಕುಳಿತೆ. ಮಧ್ಯಾಹ್ನ ಊಟಕ್ಕೆ ಅವಳೇ ಬಂದು ಪಕ್ಕದಲ್ಲಿ ಕುಳಿತು, ಕೇಳದೆ ನನ್ನ ಡಬ್ಬಿ ಬಿಚ್ಚಿ, ಚಟ್ನಿಪುಡಿಯನ್ನು ತನ್ನ ಮುದ್ದೆಗೆ ನೆಂಚಿಕೊಂಡಳು. ಅಲ್ಲಿಂದ ಮುಂದೆ ಮಧ್ಯಾಹ್ನದ ಊಟ ನಮ್ಮಿಬ್ಬರದೂ ಒಟ್ಟಿಗೆ.

ಆ ಚಟ್ನಿಪುಡಿ ಪ್ರತಿ ಭಾನುವಾರ ಊರಿನಿಂದ ಬರುತ್ತಿತ್ತು. ನಮ್ಮೂರು ಮಳವಳ್ಳಿ ದಾಟಿ ಮುತ್ತತ್ತಿಗೆ ಹೋಗುವ ರಸ್ತೆಯಲ್ಲಿ, ಒಳಗೆ. ಗಂಡ ತೀರಿಕೊಂಡ ವರ್ಷವೇ ನಾನು ಕೆಲಸಕ್ಕೆ ಸೇರಿದ್ದು. ಮಗಳಿಗೆ ಆಗ ಎರಡು ತುಂಬಿ ಮೂರು ನಡೆಯುತ್ತಿತ್ತು. ಅವಳನ್ನು ಅವ್ವನ ಹತ್ತಿರ ಬಿಟ್ಟು ಮದ್ದೂರಿನಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋಗಿ ಸಂಜೆ ವಾಪಸ್ಸು. ಮಗಳು ನಮ್ಮವ್ವನನ್ನು ಅವ್ವ ಅನ್ನುತ್ತಿದ್ದಳು. ನಾನು ಬಸ್ಸಿನಿಂದ ಇಳಿಯುವವಳಾದ್ದರಿಂದ ನನಗೆ ಬಸ್ಸವ್ವ ಎಂದು ಹೆಸರಿಟ್ಟಿದ್ದಳು. ಕೇಳಿದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬಸ್ಸು ಹತ್ತಿ ಕುಳಿತ ಮೇಲೆ ನಗು ಇರುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಭಾನುವಾರದ ಮೀಟಿಂಗುಗಳು ಶುರುವಾದವು. ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯವರು ನಮ್ಮ ಕಾರ್ಖಾನೆ ನೋಡಲು ಬರುವವರಿದ್ದರು. ಕೆಲಸಗಾರರನ್ನು ಒಬ್ಬೊಬ್ಬರಾಗಿ ಕರೆದು ಪ್ರಶ್ನೆ ಕೇಳುತ್ತಾರಂತೆ. ಏನು ಕೇಳಿದರೆ ಏನು ಹೇಳಬೇಕು ಎಂದು ಕಲಿಸುವುದಕ್ಕೆ ಮೀಟಿಂಗು. ಕೆಲಸದ ದಿನ ಲೈನು ನಿಲ್ಲಿಸಿದರೆ ಪ್ರೊಡಕ್ಷನ್ ಬೀಳುತ್ತದೆ, ಅದಕ್ಕೇ ಭಾನುವಾರ. ಫ್ಲೋರ್ ಇನ್‌ಚಾರ್ಜ್ ಸಾಹೇಬರು ಮುಂದೆ ನಿಂತು ವಾರದ ರಜೆ ಯಾವತ್ತು ಎಂದು ಕೇಳುವರು. ನಾವೆಲ್ಲ ಸ್ಕೂಲು ಮಕ್ಕಳ ಹಾಗೆ ಒಟ್ಟಿಗೆ ಭಾನುವಾರ ಸಾರ್ ಅನ್ನಬೇಕು. ರಜೆಯ ದಿನ ಯಾವತ್ತಾದರೂ ಕರೆಸಿದ್ದಾರಾ ಎಂದರೆ ಇಲ್ಲ ಸಾರ್. ಸ್ವರ ಕಡಿಮೆಯಾಯಿತೆಂದು ಇನ್ನೊಂದು ಸಲ ಹೇಳಿಸುವರು. ತಲೆಗೆ ನೀರು ಹಾಕಿಕೊಂಡು ಹಾಗೇ ಓಡಿ ಬಂದ ಹೆಂಗಸರ ಒದ್ದೆ ಕೂದಲಿಂದ ಇಡೀ ಹಾಲ್ ಸೀಗೆಪುಡಿ ವಾಸನೆ ಹೊಡೆಯುತ್ತಿತ್ತು. ಹಿಂದಿನ ಸಾಲಿನಿಂದ ಅಕ್ಕ ಮೆಲ್ಲಗೆ, ಇವತ್ತು ಯಾವ ವಾರ ಅಂತ ಸಾಹೇಬ್ರಿಗೆ ಯಾರಾದರೂ ಹೇಳ್ರವ್ವ ಎಂದು ನಮ್ಮನ್ನೆಲ್ಲ ನಗಿಸಿ ಬೈಸಿಕೊಳ್ಳುವಂತೆ ಮಾಡುತ್ತಿದ್ದಳು.

ಮೊದಲ ಭಾನುವಾರ ನಾನು ಊರಿಗೆ ಹೋಗಲೇ ಆಗಲಿಲ್ಲ. ಎರಡನೆಯ ಭಾನುವಾರ ಮೀಟಿಂಗು ಮುಗಿದ ಮೇಲೆ ಓಡಿ ಬಸ್ಸು ಹಿಡಿದು, ಮಳವಳ್ಳಿಯಲ್ಲಿ ಕಾದು, ಊರು ಸೇರಿದಾಗ ನಾಲ್ಕು ಗಂಟೆ ದಾಟಿತ್ತು. ಮಗಳು ಜಗಲಿಯ ಮೇಲೆ ಕಡಲೆಕಾಯಿ ಸಿಪ್ಪೆ ಹರಡಿಕೊಂಡು ಕುಳಿತಿದ್ದಳು. ನಾನು ಕೈ ಚಾಚಿದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಕ್ಕೆ ತಿರುಗಿ, "ಅವ್ವಾ, ಯಾರೋ ಬಂದವ್ರೆ" ಅಂದಳು.

ಬಸ್ಸವ್ವ ಅನ್ನುವ ಹೆಸರೂ ಹೋಗಿತ್ತು... ಅದನ್ನು ಸೋಮವಾರ ಊಟದ ಹೊತ್ತಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಸುಮ್ಮನೆ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಆ ಶನಿವಾರ ಮೂರನೆಯ ಮೀಟಿಂಗಿನ ಸುದ್ದಿ ಬಂತು. ಮುಂದಿನ ವಾರವೇ ಹೊರದೇಶದವರು ಬರುವುದು, ಇದು ಕೊನೆಯದು, ಬಾರದವರು ಸೋಮವಾರವೂ ಬರಬೇಡಿ ಎಂದರು ಸಾಹೇಬರು. ಬುಟ್ಟಾಕು, ಊರಿಗೆ ಓಗು ಎಂದು ಅಕ್ಕ ಹೇಳಿದಳು. ನನಗೆ ಧೈರ್ಯ ಸಾಲಲಿಲ್ಲ. ಹೆದರುವ ಸ್ವಭಾವ ನನ್ನದು, ಯಾರಾದರೂ ಗಟ್ಟಿಯಾಗಿ ಹೇಳಿದರೆ ತಲೆ ತಾನಾಗಿ ಅಲ್ಲಾಡಿಬಿಡುತ್ತದೆ. ಆಮೇಲೆ ಅಕ್ಕ ಮಾತು ಬದಲಿಸಿದಳು. ನಿಮ್ಮೂರಿಗೆ ಮಳವಳ್ಳಿಯಿಂದ ಎಷ್ಟೊತ್ತಿಗೆ ಬಸ್ಸು, ಇಳಿದ ಮೇಲೆ ಎಷ್ಟು ದೂರ ನಡೆಯಬೇಕು ಎಂದೆಲ್ಲ ವಿಚಾರಿಸಿದಳು. ನನ್ನ ಖಾಲಿ ಡಬ್ಬಿಯನ್ನು ಈಸಿಕೊಂಡು, ಈ ವಾರ ನಮ್ಮನೆ ಪುಡಿ ತುಂಬಿಕೊಂಡು ಬರುತ್ತೇನೆ ಅಂದಳು. ನಾನು ಕೊಟ್ಟೆ.

ಭಾನುವಾರ ಮೀಟಿಂಗಿನಲ್ಲಿ ಅಕ್ಕನ ಜಾಗ ಖಾಲಿಯಿತ್ತು. ಹೆಸರು ಕೂಗಿದರು, ಉತ್ತರವಿಲ್ಲ. ನನಗೆ ನಿಜವಾಗಿ ಸಿಟ್ಟು ಬಂತು. ಅವಳಿಗೇನು, ಕಾದು ಕುಳಿತ ಮಗುವಿಲ್ಲ, ಮನೆಯಲ್ಲಿ ಆರಾಮವಾಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿರುತ್ತಾಳೆ ಎಂದುಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಒಂದು ಗಂಟೆಗೆ ಗೇಟಿನಿಂದ ಹೊರಗೆ ಬಂದೆವು. ಎದುರಿನ ಹೊಂಗೆ ಮರದ ಕೆಳಗೆ ಅಕ್ಕ ಕಾಲು ಚಾಚಿ ಕುಳಿತಿದ್ದಳು. ಅವಳ ತೊಡೆಯ ಮೇಲೆ ನನ್ನ ಮಗಳು.

ಮಗು ನನ್ನನ್ನು ಕಂಡು ಅಕ್ಕನ ಸೆರಗಿನೊಳಕ್ಕೆ ಮುಖ ತೂರಿಸಿತು. ಅಕ್ಕ ಅವಳ ಬೆನ್ನು ತಟ್ಟಿ, ಇದ್ಯಾರು ಅಂತ ಏಳು ಮತ್ತೆ, ಏಳ್ಕೊಟ್ಟಿಲ್ವಾ ನಿಂಗೆ ಎಂದು ಕೇಳಿದಳು. ಬಸ್ಸಿನುದ್ದಕ್ಕೂ ಅವಳೂ ಒಂದು ಮೀಟಿಂಗು ನಡೆಸಿಕೊಂಡು ಬಂದಿದ್ದಳು ಅಂತ ಕಾಣುತ್ತದೆ. ಮಗು ಸೆರಗಿನಿಂದ ಒಂದು ಕಣ್ಣು ಹೊರಗೆ ಹಾಕಿ ನನ್ನನ್ನು ಅಳೆದು ನೋಡಿತು.

"ಇವತ್ತು ನಾನೇ ಬಸ್ಸಲ್ಲಿ ಬಂದೆ ಕಣವ್ವ" ಅಂದಳು ಮಗಳು.

ನಾನು ರಸ್ತೆಯ ಮೇಲೇ ಕುಳಿತು ಅತ್ತೆ. ಮಗಳ ಫ್ರಾಕಿನ ಬೆನ್ನಿಗೆ ಒಂದು ಕೆಂಪು ಬಾಣ ಅಂಟಿಸಿತ್ತು. ಅಲ್ಲೊಂದು ಗುಂಡಿ ಕಿತ್ತುಹೋಗಿತ್ತು. ಅಕ್ಕ ಅದನ್ನು ಬೆರಳಿನಿಂದ ಮುಟ್ಟಿ ತೋರಿಸಿ, "ಅಳೋದ್ ಆಮೇಲ್ ಅಳು. ಇದ್ನ ಆಲ್ಟ್ರು ಮಾಡು ಮೊದ್ಲು" ಅಂದಳು.

ನಡೆದದ್ದು ಇಷ್ಟು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಮದ್ದೂರು, ಮಳವಳ್ಳಿ ಎಂದು ಬಸ್ಸು ಬದಲಿಸಿ ಅಕ್ಕ ನಮ್ಮೂರಿಗೆ ಹೋಗಿದ್ದಳು. ನಮ್ಮವ್ವ ಅವಳನ್ನು ಹಿಂದೆ ನೋಡಿದವಳಲ್ಲ. ಗುರುತು ಪರಿಚಯವಿಲ್ಲದ ಹೆಂಗಸಿನ ಜೊತೆ ಮಗುವನ್ನು ಹೇಗೆ ಕಳಿಸುತ್ತಾಳೆ? ಅಕ್ಕ ಡಬ್ಬಿ ತೆಗೆದು ಮುಂದಿಟ್ಟಳಂತೆ. ತನ್ನ ಹೆಸರು ಕೊರೆಸಿದ ಮುಚ್ಚಳ ನೋಡಿ ಅವ್ವ ಒಳಗೆ ಕರೆದು ಕಾಫಿ ಕೊಟ್ಟಳಂತೆ. ಪುಡಿಗೆ ಉಪ್ಪು ಕಮ್ಮಿ ಎಂದು ಬಾಣ ಹೊಡೆದವಳು ನೀನೇನಾ ಎಂದು ಜಗಳವೂ ಆಯಿತಂತೆ. ಹಸು ಈಯುವ ಹಾಗಿದ್ದುದರಿಂದ ಅವ್ವ ಬರಲಾಗದೆ, ಮಗುವಿನ ತಲೆ ಬಾಚಿ, ಡಬ್ಬಿ ತುಂಬಿ ಕಳಿಸಿದ್ದಳು. ಎರಡು ಗಂಟೆಯ ಬಸ್ಸಿಗೆ ಮೂವರೂ ಮತ್ತೆ ನಮ್ಮೂರಿಗೆ ಹೊರಟೆವು. ಮಗಳು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ನಿಂತು ಹೊರಗೆ ಕಂಡ ಎಮ್ಮೆಗಳನ್ನೆಲ್ಲ ತೋರಿಸಿದಳು. ಅಕ್ಕ ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವಳಿಗೂ ವಾರಕ್ಕೆ ಇದ್ದದ್ದು ಅದೊಂದೇ ಭಾನುವಾರ.

ಸೋಮವಾರ ಸಾಹೇಬರು ಅಕ್ಕನನ್ನು ಬೈದರೂ, ಹೊರಗಿನವರು ಬರುವ ವಾರ ಚೆಕಿಂಗ್ ಟೇಬಲ್ಲು ಖಾಲಿ ಬಿಡುವಂತಿಲ್ಲವೆಂದು ಒಳಗೆ ಬಿಟ್ಟರು. ಆ ವಾರ ಹೊರಗಿನವರು ಬಂದರು. ಕನ್ನಡ ಗೊತ್ತಿದ್ದ ಮೇಡಂ ಒಬ್ಬರು ನಮ್ಮ ಲೈನಿನಿಂದ ಮೊದಲು ನನ್ನನ್ನು ಕೇಳಿದರು. ಭಾನುವಾರ ರಜೆ ಮೇಡಂ, ಯಾವತ್ತೂ ಕರೆಸಿಲ್ಲ ಮೇಡಂ ಎಂದು ನಾನು ಒಂದಕ್ಷರ ತಪ್ಪದೆ ಒಪ್ಪಿಸಿದೆ. ಅಕ್ಕ ಎರಡು ಮಾರು ದೂರದಲ್ಲಿ ಶರ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸರದಿ ಅವಳದು.

"ಭಾನ್‌ವಾರ ರಜ ಅಂತ ಏಳ್ಕೊಡಕ್ಕೆ ಮೂರ್ ಭಾನ್‌ವಾರ ಕರ್ಸವ್ರೆ ಕಣಮ್ಮ. ನಾನ್ ಒಂದಕ್ಕೆ ಬಂದಿಲ್ಲ, ಅದ್ಕೆ ಸರ್ಯಾಗ್ ಕಲೀನಿಲ್ಲ" ಅಂದಳು.

ಮೇಡಂ ಬರೆದುಕೊಂಡರು. ಭಾನುವಾರದ ಮೀಟಿಂಗುಗಳು ನಿಂತವು. ಹದಿನೈದು ದಿನದಲ್ಲಿ ಅಕ್ಕನನ್ನು ಚೆಕಿಂಗ್ ಟೇಬಲ್ಲಿನಿಂದ ತೆಗೆದು ದಾರ ಕತ್ತರಿಸುವ ಹೆಲ್ಪರುಗಳ ಜೊತೆ ನಿಲ್ಲಿಸಿದರು. ನನ್ನಿಂದಾಗಿ ಹೀಗಾಯಿತಲ್ಲ ಎಂದು ನಾನು ಕೈ ಹಿಡಿದುಕೊಂಡರೆ, ಬಾಣ ಅಂಟಿಸೀ ಅಂಟಿಸೀ ಬೆರಳು ಸವೆದೋಗಿತ್ತು ಬುಡು ಅಂದಳು. ನನ್ನ ಸುಳ್ಳಿನ ಬಗ್ಗೆ ಅವಳು ಯಾವತ್ತೂ ಒಂದು ಮಾತೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮುಂದೆ ನಾನು ಮಂಡ್ಯದ ಇನ್ನೊಂದು ಕಾರ್ಖಾನೆಗೆ ಸೇರಿ ಸೂಪರ್‌ವೈಸರ್ ಆದೆ. ಅವ್ವನನ್ನೂ ಮಗಳನ್ನೂ ಕರೆಸಿಕೊಂಡೆ. ಬಸ್ಸವ್ವ ಅನ್ನುವ ಹೆಸರು ತಮಾಷೆಗೆ ಮಾತ್ರ ಉಳಿಯಿತು. ಅಕ್ಕ ಕೆಲಸ ಬಿಟ್ಟು ನಿಡಘಟ್ಟದಲ್ಲೇ ಇದ್ದಳು. ಹಬ್ಬಕ್ಕೊಂದು ಫೋನು, ವರ್ಷಕ್ಕೊಂದು ಭೇಟಿ... ಹಾಗೆ ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಗುರುವಾರ ಅವಳೇ ಫೋನು ಮಾಡಿದಳು. ಹೊಟ್ಟೆಯಲ್ಲಿ ಗಡ್ಡೆಯಂತೆ, ಡಾಕ್ಟರು ಮನೆಗೆ ಕಳಿಸಿದ್ದಾರೆ, ಈ ಭಾನುವಾರ ಕೂಸನ್ನು ಕರೆದುಕೊಂಡು ಬಂದುಹೋಗು ಅಂದಳು. ಕೂಸು ಆಗಲೇ ನನ್ನ ಭುಜದೆತ್ತರಕ್ಕೆ ಬಂದಿತ್ತು. ಬರುತ್ತೇನೆ ಅಂದೆ. ಹಣ್ಣು, ಹೂವು ಎಲ್ಲ ತಂದಿಟ್ಟೆ. ಶನಿವಾರ ಸಂಜೆ ಸೂಪರ್‌ವೈಸರ್‌ಗಳ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. ನಾಳೆ ಹತ್ತು ಗಂಟೆಗೆ ಮೀಟಿಂಗು, ಎಲ್ಲರೂ ಕಡ್ಡಾಯ. ತಲೆ ತಾನಾಗಿ ಅಲ್ಲಾಡಿತು. ಅಕ್ಕನಿಗೆ ಫೋನು ಮಾಡಿ ತಡವರಿಸುತ್ತ ವಿಷಯ ಹೇಳಿದೆ. ಅವಳ ಸ್ವರ ಬಹಳ ಸಣ್ಣಗಾಗಿತ್ತು.

"ಮುಂದ್ಲುವಾರ ಬಾ ಬುಡು. ನಾನೆಲ್ಲಿಗ್ ಓಯ್ತೀನಿ" ಅಂದಳು.

ಶುಕ್ರವಾರ ಹೋದಳು. ಆ ಮೀಟಿಂಗಿನಲ್ಲಿ ಏನು ಹೇಳಿದರೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಟೀ ಕೊಟ್ಟರು, ಎರಡು ಬಿಸ್ಕತ್ತು ಕೊಟ್ಟರು, ಅಷ್ಟು ನೆನಪಿದೆ. ನನ್ನ ಮಗಳಿಗೋಸ್ಕರ ತನ್ನ ಭಾನುವಾರವನ್ನು ಬಸ್ಸುಗಳಲ್ಲಿ ಕಳೆದವಳಿಗೆ ನಾನು ಒಂದು ಭಾನುವಾರ ಕೊಡಲಿಲ್ಲ. ಮಣ್ಣಿಗೆ ಹೋಗುವುದಕ್ಕೆ ಮಾತ್ರ ಕೆಲಸದ ದಿನವೇ ರಜೆ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ.

ಮೊನ್ನೆ ಶನಿವಾರ ಸಂಜೆ ಮತ್ತೆ ಅದೇ ಥರದ ಮೆಸೇಜ್ ಬಂತು. ನಾಳೆ ಎಲ್ಲ ಸೂಪರ್‌ವೈಸರ್‌ಗಳೂ ತಮ್ಮ ತಮ್ಮ ಲೈನಿನ ಹೆಂಗಸರಿಗೆ ತಿಳಿಸಿ ಕರೆದುಕೊಂಡು ಬರಬೇಕು ಎಂದು. ಒಬ್ಬೊಬ್ಬರೇ ಸರಿ ಸರ್, ಸರಿ ಸರ್ ಎಂದು ಹಾಕುತ್ತಿದ್ದರು. ನಾನು ಅಡುಗೆ ಮನೆಯಲ್ಲಿ ನಿಂತು, ನಾಳೆ ರಜೆ ಸರ್, ನಾನು ಬರುವುದಿಲ್ಲ, ನಮ್ಮ ಲೈನಿನವರನ್ನೂ ಕರೆಯುವುದಿಲ್ಲ, ಸೋಮವಾರ ಹೇಳಿದರೆ ಕೇಳುತ್ತೇವೆ ಎಂದು ಬರೆದೆ. ಮೂರು ಸಲ ಅಳಿಸಿ ನಾಲ್ಕನೆಯ ಸಲ ಕಳಿಸಿದೆ. ಆಮೇಲೆ ಮ್ಯಾನೇಜರಿಂದ ಉತ್ತರ ಬಂತು, ಸರಿ ಸೋಮವಾರ ನೋಡೋಣ ಎಂದು. ಅಷ್ಟೇ. ಬೈಗುಳವಿಲ್ಲ, ಕೆಲಸದಿಂದ ತೆಗೆಯುವ ಮಾತಿಲ್ಲ. ನಾನು ಆ ಮೂರು ಪದಗಳನ್ನು ನೋಡುತ್ತ ಸ್ಟೌವಿನ ಮೇಲೆ ಹಾಲು ಉಕ್ಕಿಸಿದೆ.

ಭಾನುವಾರ ಬೆಳಗಾಯಿತು. ಇಡೀ ದಿನ ನನ್ನದೇ. ಎಲ್ಲಿಗಾದರೂ ಹೋಗೋಣವಾ ಎಂದು ಮಗಳು ಕೇಳಿದಳು, ನನಗೆ ಹೇಳಲು ಒಂದು ಊರೂ ಹೊಳೆಯಲಿಲ್ಲ. ಮಂಡ್ಯದಿಂದ ನಿಡಘಟ್ಟಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಕ್ಕ ಬಾ ಎಂದು ಕರೆದ ಆ ಭಾನುವಾರವೂ ಅಷ್ಟೇ ದೂರವಿತ್ತು.